ಮುಂದೆ ಮಾಡಿದ ಲ್ಯಾಪ್‌ಟಾಪು

ಕೊರೊನಾ ಕಳೆದ ಮರುವರ್ಷದ ಮಾತು. ನಾನಾಗ ಹೊಸಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮೊದಲು ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಇಪ್ಪತ್ತು ವರ್ಷ ಸೇವೆ ಮಾಡಿದ್ದೆ. ಅಲ್ಲಿ ಕಲಿತ ಶಿಸ್ತನ್ನು ಇಲ್ಲಿಗೂ ತಂದಿದ್ದೆ. ಬೆಳಿಗ್ಗೆ ಎಂಟೂವರೆಗೆ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ದೂರುಗಳನ್ನು ಬಾಯಿಮಾತಿನಲ್ಲಿ ಬಿಡುತ್ತಿರಲಿಲ್ಲ. ಒಂಬತ್ತು ಪ್ರಶ್ನೆಗಳ ಫಾರಂ ಒಂದನ್ನು ಅಚ್ಚು ಹಾಕಿಸಿದ್ದೆ, ಪ್ರತಿ ಪ್ರಶ್ನೆಯ ಮುಂದೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕ. ರಿಪೇರಿಗೆ ಬಂದ ಯಾವುದೇ ಯಂತ್ರವನ್ನು ಮೊದಲು ಚಾರ್ಜರಿಗೆ ಹಾಕಬೇಕು, ಒಮ್ಮೆ ಪೂರ್ತಿ ಬಂದ್ ಮಾಡಿ ಚಾಲೂ ಮಾಡಬೇಕು, ಆಮೇಲೆ ಪರೀಕ್ಷೆ. ಈ ಕ್ರಮ ನನ್ನನ್ನು ಅನೇಕ ಸಲ ಕಾಪಾಡಿತ್ತು. ಅದು ಕೈಕೊಟ್ಟ ಒಂದು ಸಲದ ಬಗ್ಗೆ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ‘ಮನೆ ಆರೈಕೆ’ ಎಂಬ ವಿಭಾಗವಿತ್ತು. ಇನ್ನು ಗುಣವಾಗುವುದಿಲ್ಲ ಎಂದು ಗೊತ್ತಾದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ ಅದರದು. ಅಲ್ಲಿ ಚಿಕಿತ್ಸೆಯ ಉದ್ದೇಶ ಒಂದೇ, ನೋವು ಇಳಿಸುವುದು. ಮೂವರು ನರ್ಸ್‌ಗಳಿದ್ದರು. ಒಬ್ಬರು ಸಂಡೂರು ಕಡೆ, ಒಬ್ಬರು ಕಂಪ್ಲಿ ಕಡೆ. ಮೂರನೆಯವರು ಗಂಗಮ್ಮ ಸಿಸ್ಟರ್; ಬೆಳಿಗ್ಗೆ ಕಡ್ಡಿರಾಂಪುರದ ಒಂದು ಮನೆ, ಆಮೇಲೆ ಹೊಸಪೇಟೆಯೊಳಗಿನ ಐದಾರು ಮನೆ, ಕೊನೆಗೆ ಪಾಪಿನಾಯಕನಹಳ್ಳಿ, ಇದು ಅವರ ದಿನದ ಸುತ್ತು. ಮೂರೂ ಕಡೆಗೆ ಸೇರಿ ಡಾಕ್ಟರ್ ಒಬ್ಬರೇ.

ಒಬ್ಬ ಡಾಕ್ಟರ್ ದಿನವೂ ಎಲ್ಲ ಮನೆಗೆ ಹೋಗಲು ಸಾಧ್ಯವಿರಲಿಲ್ಲ. ಹಾಗಾಗಿ ನರ್ಸ್‌ಗಳ ಕೈಗೆ ಒಂದೊಂದು ಲ್ಯಾಪ್‌ಟಾಪು, ಒಂದೊಂದು ಅಂಗೈಯಗಲದ ವೈಫೈ ಡಬ್ಬಿ ಕೊಟ್ಟಿದ್ದೆವು. ಡಬ್ಬಿಯೊಳಗೆ ಸಿಮ್ ಇರುತ್ತದೆ. ಅದು ಮೊಬೈಲ್ ಟವರಿನಿಂದ ಇಂಟರ್ನೆಟ್ ಹಿಡಿದು ಲ್ಯಾಪ್‌ಟಾಪಿಗೆ ವೈಫೈ ಮೂಲಕ ಕೊಡುತ್ತದೆ. ನರ್ಸ್ ರೋಗಿಯ ಮುಂದೆ ಲ್ಯಾಪ್‌ಟಾಪು ತೆರೆದರೆ ಡಾಕ್ಟರ್ ಆಸ್ಪತ್ರೆಯಲ್ಲಿ ಕೂತೇ ರೋಗಿಯನ್ನು ನೋಡುತ್ತಿದ್ದರು. ನೋವಿಗೆ ಕೊಡುವ ಮಾರ್ಫಿನ್ ಬಿಗಿ ನಿಯಮವಿರುವ ಔಷಧ. ರೋಗಿಯನ್ನು ಕಣ್ಣಾರೆ ನೋಡದೆ ಅದರ ಪ್ರಮಾಣ ಹೆಚ್ಚಿಸುವಂತಿಲ್ಲ ಎಂದು ಆಸ್ಪತ್ರೆ ಕಟ್ಟುನಿಟ್ಟು ಮಾಡಿತ್ತು. ಸ್ವಂತ ಫೋನಿನಲ್ಲಿ ವಿಡಿಯೊ ಮಾಡುವಂತೆಯೂ ಇರಲಿಲ್ಲ. ರೋಗಿಯ ಚಿತ್ರ ಹೊರಗೆ ಹೋಗಬಾರದು ಎಂಬ ಕಾರಣಕ್ಕೆ.

ಪಾಪಿನಾಯಕನಹಳ್ಳಿಯ ರೋಗಿಯ ಹೆಸರು ಹುಲುಗಪ್ಪ. ಸಂಡೂರಿನ ಗಣಿಯಲ್ಲಿ ಇಪ್ಪತ್ತಾರು ವರ್ಷ ಮಣ್ಣು ತಳ್ಳುವ ಡೋಜರ್ ಓಡಿಸಿದವನು. ದವಡೆಯ ಕ್ಯಾನ್ಸರು. ಬಾಯಿ ತೆರೆಯಲಾಗದೆ ಮಾತು ನಿಂತುಹೋಗಿತ್ತು; ಹೇಳಬೇಕಾದದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದ. ಹೆಂಡತಿ ಹನುಮಕ್ಕ ನೋಡಿಕೊಳ್ಳುತ್ತಿದ್ದಳು. ಆ ವಾರ ಅವನ ನೋವು ಒಮ್ಮೆಲೇ ಏರಿತ್ತು. ಕೊಡುತ್ತಿದ್ದ ಮಾರ್ಫಿನ್ ಸಾಲದು, ಡಾಕ್ಟರ್ ಒಮ್ಮೆ ನೋಡಿದರೆ ಹೆಚ್ಚಿಸಬಹುದು ಎನ್ನುವ ಹೊತ್ತಿಗೆ ಸರಿಯಾಗಿ ಗಂಗಮ್ಮ ಸಿಸ್ಟರಿನ ಹಳೆಯ ಲ್ಯಾಪ್‌ಟಾಪು ಕೆಟ್ಟು, ನಾನು ಅವರಿಗೆ ಹೊಸದೊಂದನ್ನು ಕೊಟ್ಟೆ.

ಮರುದಿನ ಮಧ್ಯಾಹ್ನ ಅವರ ಫೋನು ಬಂತು.

“ಸರ, ಪಾಪಿನಾಯಕನಹಳ್ಳ್ಯಾಗ ಅದೀನ್ರಿ. ನೆಟ್ ಬರವಲ್ದು.”

ನಾನು ಫಾರಂ ಎಳೆದುಕೊಂಡೆ. “ವೈಫೈ ಗುರುತು ಕಾಣ್ತದೇನು?”

“ಕಾಣ್ತದ್ರಿ. ಅದರ ಮ್ಯಾಲೆ ಅಡ್ಡಗೀಟು ಬಿದ್ದದ.”

“ಡಬ್ಬಿ ಮ್ಯಾಲಿನ ಹಸಿರು ದೀಪ?”

“ಉರಿಯಾಕತ್ತದ್ರಿ.”

“ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡೀರೇನು?” ಇದು ಮೂರನೆಯ ಪ್ರಶ್ನೆ.

“ಹೂನ್ರಿ, ಮುಂದ ಮಾಡಿ ತಗದೀನಿ. ಮೂರು ಸಲ.”

‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿ, ಪಕ್ಕದಲ್ಲಿ 3 ಎಂದು ಬರೆದೆ.

ಈ ಗುರುತಿನ ಮಹತ್ವ ಹೇಳಬೇಕು. ಯಂತ್ರವನ್ನು ಪೂರ್ತಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ, ಅದರೊಳಗಿನ ತಾತ್ಕಾಲಿಕ ಗೊಂದಲಗಳೆಲ್ಲ ಅಳಿದುಹೋಗುತ್ತವೆ. ಹಾಗೆ ಮೂರು ಸಲ ಮಾಡಿದರೂ ನೆಟ್ ಬರದಿದ್ದರೆ ದೋಷ ಯಂತ್ರದ ಹೊರಗಿದೆ ಎಂದು ಅರ್ಥ. ಹೊರಗೆ ಅಂದರೆ ವೈಫೈ ಡಬ್ಬಿ, ಸಿಮ್, ಟವರು. ಅದೂ ಅಲ್ಲದೆ ಅದೇ ದಿನ ಕಡ್ಡಿರಾಂಪುರದಲ್ಲಿ, ಊರೊಳಗಿನ ಮನೆಗಳಲ್ಲಿ ಅದೇ ಲ್ಯಾಪ್‌ಟಾಪು ಚೆನ್ನಾಗಿ ನಡೆದಿತ್ತು. ಒಂದೇ ಊರಿನಲ್ಲಿ ಕೆಡುತ್ತದೆ ಎಂದರೆ ಆ ಊರಿನ ಸಿಗ್ನಲ್ಲೇ ಕಾರಣ. ನಾನು ಹೀಗೆ ತರ್ಕಿಸಿದೆ. ಸಂಜೆ ಲ್ಯಾಪ್‌ಟಾಪು ನನ್ನ ಮೇಜಿಗೆ ಬಂತು. ಕ್ರಮದ ಪ್ರಕಾರ ಚಾರ್ಜರಿಗೆ ಹಾಕಿದೆ, ಬಂದ್ ಮಾಡಿ ಚಾಲೂ ಮಾಡಿದೆ, ನೆಟ್ ಕೂಡಲೇ ಬಂತು. ಲ್ಯಾಪ್‌ಟಾಪು ನಿರ್ದೋಷಿ ಎಂದು ಬರೆದು ಸಹಿ ಹಾಕಿದೆ.

ಎರಡನೆಯ ದಿನವೂ ಅದೇ ದೂರು; ದಿನವೂ ಸಂಜೆ ಲ್ಯಾಪ್‌ಟಾಪು ನನ್ನ ಮೇಜಿಗೆ ಬಂದು, ಬಂದ್ ಆಗಿ ಚಾಲೂ ಆಗಿ, ರಾತ್ರಿಯಿಡೀ ಚಾರ್ಜರಿನಲ್ಲಿದ್ದು ಬೆಳಿಗ್ಗೆ ಹೋಗುತ್ತಿತ್ತು. ಮೂರನೆಯ ದಿನ ಸಿಮ್ ಬದಲಿಸಿ ಬೇರೆ ಕಂಪನಿಯದು ಹಾಕಿದೆ. ಐದನೆಯ ದಿನ ವೈಫೈ ಡಬ್ಬಿಯನ್ನೇ ಬದಲಿಸಿದೆ. ಏಳನೆಯ ದಿನ ಟವರಿನ ಬಗ್ಗೆ ಮೊಬೈಲ್ ಕಂಪನಿಗೆ ಪತ್ರ ಬರೆದೆ. ಒಂಬತ್ತನೆಯ ದಿನ ಅವರ ಮನುಷ್ಯ ಹೋಗಿ ಅಳೆದು, ಆ ಬೀದಿಯಲ್ಲಿ ಸಿಗ್ನಲ್ ಸರಿಯಾಗಿದೆ ಎಂದು ಉತ್ತರ ಕೊಟ್ಟ. ನಾನು ಅವನ ಅಳತೆಯನ್ನು ನಂಬಲಿಲ್ಲ. ಪ್ರತಿದಿನ ಫೋನಿನಲ್ಲಿ ಒಂಬತ್ತು ಪ್ರಶ್ನೆ ಕೇಳಿದೆ, ಪ್ರತಿದಿನ ಮೂರನೆಯ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದೆ.

ಡಾಕ್ಟರ್ ಮೇಡಂ ಆ ದಿನಗಳಲ್ಲಿ ಸಂಡೂರು ಕಡೆ ಕೊನೆಯ ಘಟ್ಟದಲ್ಲಿದ್ದ ಮೂವರು ರೋಗಿಗಳ ಹಿಂದೆ ಓಡಾಡುತ್ತಿದ್ದರು. ಸಂಜೆ ನನ್ನ ಬಾಗಿಲಲ್ಲಿ ನಿಂತು, “ನಾಳೆ ಆಗ್ತದಾ? ಇಲ್ಲಾಂದ್ರ ನಾನೇ ಹೆಂಗಾರ ಮಾಡಿ ಹೋಗಿ ಬರ್ತೀನಿ” ಎಂದು ಕೇಳುತ್ತಿದ್ದರು. ಪ್ರತಿ ಸಲ ನಾನು, “ನಾಳೆ ಆಗ್ತದ್ರಿ ಮೇಡಂ” ಎಂದೆ. ಸಿಮ್ ಬದಲಿಸಿದ ದಿನ ಹಾಗೆಂದೆ. ಡಬ್ಬಿ ಬದಲಿಸಿದ ದಿನವೂ ಹಾಗೆಯೇ ಅಂದೆ. ನನ್ನ ಮಾತನ್ನು ನಂಬಿ ಅವರು ಸಂಡೂರಿನ ದಾರಿ ಹಿಡಿದರು.

ಹನ್ನೊಂದನೆಯ ದಿನ ಸಂಜೆ ಗಂಗಮ್ಮ ಸಿಸ್ಟರ್ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ನಿಂತರು. ನಾನು ಫಾರಂ ತೆಗೆದೆ.

“ಅದನ್ನ ಒಳಗ ಇಡ್ರಿ ಸರ,” ಎಂದರು. “ಆ ಮನಿಷ್ಯಾ ಮಲಗಾಕ ಆಗವಲ್ದು. ಗ್ವಾಡಿಗೆ ಆತ್ಕೊಂಡು ಕುಂತಾನ ಐದು ದಿನದಿಂದ. ನೀವು ನನ್ನ ಕೇಳೋ ಒಂಬತ್ತು ಪ್ರಶ್ನಿ ಅವನ್ನ ಕೇಳ್ರಿ ಒಮ್ಮಿ. ನಾಳೆ ವ್ಯಾನ್ ಹತ್ರಿ.”

ಮರುದಿನ ವ್ಯಾನ್ ಹತ್ತಿದೆ.

ಎರಡು ಕೋಣೆಯ ಮನೆ. ಹುಲುಗಪ್ಪ ಕಬ್ಬಿಣದ ಮಂಚದ ಮೇಲೆ ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ದವಡೆಗೆ ಬಟ್ಟೆ ಕಟ್ಟಿತ್ತು. ಒಂದು ಕೈ ಮಂಚದ ಸರಳನ್ನು ಹಿಡಿದಿತ್ತು. ಔಷಧ ಕೊಡುವವರೆಗೂ ಆ ಹಿಡಿತ ಸಡಿಲವಾಗಲಿಲ್ಲ, ಗೆಣ್ಣುಗಳು ಬೆಳ್ಳಗಾಗಿದ್ದವು. ಇನ್ನೊಂದು ಕೈಯಿಂದ ಸ್ಲೇಟಿನ ಮೇಲೆ ಬರೆದು ನನ್ನ ಕಡೆ ತಿರುಗಿಸಿದ. ‘ಫಾರಂ ಸಾಹೇಬ್ರು ಇವ್ರೇನು?’

ಗಂಗಮ್ಮ ಸಿಸ್ಟರ್ ಮುಖ ತಿರುಗಿಸಿದರು. ನನ್ನ ಹೆಸರು ಆ ಮನೆಯಲ್ಲಿ ಹಾಗೆ ಓಡಾಡಿತ್ತು.

ಅವರು ಟ್ರಂಕಿನ ಮೇಲೆ ಲ್ಯಾಪ್‌ಟಾಪಿಟ್ಟು ಮುಚ್ಚಳ ಎತ್ತಿದರು. ವೈಫೈ ಗುರುತು, ಅದರ ಮೇಲೆ ಅಡ್ಡಗೀಟು. ನಾನು ನನ್ನ ಫೋನನ್ನು ಅದೇ ಡಬ್ಬಿಗೆ ಜೋಡಿಸಿ ನೋಡಿದೆ. ನೆಟ್ ನೀರಿನ ಹಾಗೆ ಬರುತ್ತಿತ್ತು. ಸಿಗ್ನಲ್ ಸರಿಯಿದೆ, ಡಬ್ಬಿ ಸರಿಯಿದೆ. ಹನ್ನೊಂದು ದಿನ ಬರೆದದ್ದೆಲ್ಲ ಆ ಕ್ಷಣಕ್ಕೆ ಸುಳ್ಳಾಯಿತು.

“ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ನೋಡೋಣ,” ಎಂದೆ.

ಬಾಗಿಲಲ್ಲಿ ನಿಂತಿದ್ದ ಹನುಮಕ್ಕ ಮೆಲ್ಲಗೆ ಹೇಳಿದಳು: “ಆ ಮಾತು ಇಲ್ಲಿ ಬ್ಯಾಡ್ರಿ ಸರ.”

ಗಂಗಮ್ಮ ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿ, ಲ್ಯಾಪ್‌ಟಾಪಿನ ಮುಚ್ಚಳವನ್ನು ಎರಡೂ ಕೈಯಿಂದ ನಿಧಾನವಾಗಿ ಇಳಿಸಿದರು. ಹತ್ತರವರೆಗೆ ಎಣಿಸಿದರು. ಮತ್ತೆ ಎತ್ತಿದರು.

“ಮಾಡಿದೆ. ನೋಡ್ರಿ, ಅದ ಗೀಟು.”

“ದಿನಾ ಮಾಡಿದ್ದು ಇದನ್ನ ಏನು?”

“ಮತ್ತೇನ್ರಿ? ಮೊದಲಿಂದನೂ ಹೇಳೀನಲ್ಲ ನಿಮಗ. ಮುಂದ ಮಾಡಿ ತಗದೀನಿ ಅಂತ.”

ಹೇಳಿದ್ದರು. ಹನ್ನೊಂದು ದಿನವೂ ಅದೇ ಮಾತಿನಲ್ಲಿ ಹೇಳಿದ್ದರು.

ನಮ್ಮ ಸೀಮೆಯಲ್ಲಿ ಮನೆಯ ಬಾಗಿಲನ್ನು ‘ಮುಚ್ಚು’ ಎನ್ನುವುದಿಲ್ಲ. ಬಾಗಿಲು ಮುಚ್ಚಿತು ಅಂದರೆ ಆ ಮನೆತನ ಮುಗಿಯಿತು ಎಂಬ ಅರ್ಥ ಬರುತ್ತದೆ. ಅದಕ್ಕೆ ‘ಬಾಗಿಲು ಮುಂದ ಮಾಡು’ ಎನ್ನುತ್ತೇವೆ. ಕದವನ್ನು ಮುಂದಕ್ಕೆ ಎಳೆದಿದೆ, ಅಗಳಿ ಹಾಕಿಲ್ಲ, ಒಳಗೆ ಜನ ಇದ್ದಾರೆ ಎಂದು ಅದರ ಅರ್ಥ. ಸಾವಿಗೆ ಕಾಯುತ್ತಿರುವ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು. ಹಿಂದೊಮ್ಮೆ ಗಂಗಮ್ಮ ಸಿಸ್ಟರ್ ಇದೇ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಬಗ್ಗೆ “ಬಂದ್ ಮಾಡ್ತೀನಿ” ಎಂದಾಗ ಹನುಮಕ್ಕ ಅತ್ತುಬಿಟ್ಟಿದ್ದಳಂತೆ. ಅಂದಿನಿಂದ ಅವರು ಆ ಮಾತನ್ನೂ ಬಿಟ್ಟಿದ್ದರು, ಬಂದ್ ಮಾಡುವ ಗುಂಡಿ ಒತ್ತುವುದನ್ನೂ ಬಿಟ್ಟಿದ್ದರು.

ಮುಚ್ಚಳ ಇಳಿಸಿದರೆ ಲ್ಯಾಪ್‌ಟಾಪು ಬಂದ್ ಆಗುವುದಿಲ್ಲ. ನಿದ್ದೆಗೆ ಹೋಗುತ್ತದೆ. ಇದನ್ನು ನಾವು ಸಸ್ಪೆಂಡ್ ಎನ್ನುತ್ತೇವೆ. ಎಚ್ಚರಗೊಳ್ಳುವುದನ್ನು ರೆಸ್ಯೂಮ್ ಎನ್ನುತ್ತೇವೆ. ನಿದ್ದೆಗೆ ಮೊದಲು ಏನೇನಿತ್ತೋ ಎಲ್ಲವೂ ನೆನಪಿನಲ್ಲಿ ಹಾಗೆಯೇ ಇರುತ್ತದೆ, ಗೊಂದಲವೂ ಸೇರಿ. ಇದನ್ನು ಗಂಗಮ್ಮ ಸಿಸ್ಟರಿಗಿಂತ ನಿಖರವಾಗಿ ಯಾವ ಇಂಜಿನಿಯರೂ ಹೇಳಲಾರ. ‘ಮುಂದ ಮಾಡೀನಿ’ ಎಂದರೆ ಅಗಳಿ ಹಾಕಿಲ್ಲ ಎಂದೇ. ನಾನು ಕಂಪ್ಲಿಯಲ್ಲಿ ಹುಟ್ಟಿದವನು. ನನ್ನ ತಾಯಿ ಸಂಜೆಗೊಮ್ಮೆ ಆ ಮಾತು ಆಡುತ್ತಿದ್ದಳು. ಆದರೂ ಫೋನಿನಲ್ಲಿ ಅದನ್ನು ಕೇಳಿದ ಕೂಡಲೇ ನನ್ನ ಕೈ ‘ಹೌದು’ ಎಂಬ ಚೌಕಕ್ಕೆ ಹೋಯಿತು. ಕಿವಿಗೆ ಬಿದ್ದದ್ದು ಒಂದು, ಬರೆದದ್ದು ಇನ್ನೊಂದು.

ನಾನು ಟ್ರಂಕಿನ ಮುಂದೆ ಕೂತು, ಬಾಯಿ ತೆರೆಯದೆ, ಲ್ಯಾಪ್‌ಟಾಪನ್ನು ಪೂರ್ತಿ ಬಂದ್ ಮಾಡಿ ಚಾಲೂ ಮಾಡಿದೆ. ಎರಡು ನಿಮಿಷ ಹಿಡಿಯಿತು. ಅಡ್ಡಗೀಟು ಹೋಯಿತು. ಪರದೆಯ ಮೇಲೆ ಡಾಕ್ಟರ್ ಮೇಡಂ ಮುಖ ಬಂತು. ಅವರು ಹುಲುಗಪ್ಪನನ್ನು ನೋಡಿದರು, ಸರಳು ಹಿಡಿದ ಕೈಯನ್ನು ನೋಡಿದರು. “ಎಷ್ಟು ದಿನದಿಂದ ಹಿಂಗ?” ಎಂದು ಕೇಳಿದರು. ಕೂಡಲೇ ಪ್ರಮಾಣ ಹೆಚ್ಚಿಸಿ ಸಹಿ ಮಾಡಿದರು. ಗಂಗಮ್ಮ ಸಿಸ್ಟರ್ ಔಷಧ ಕೊಟ್ಟರು. ಮುಕ್ಕಾಲು ಗಂಟೆಯ ಮೇಲೆ ಅವನ ಬೆರಳುಗಳು ಒಂದೊಂದಾಗಿ ಸರಳನ್ನು ಬಿಟ್ಟವು. ಹನುಮಕ್ಕ ದಿಂಬು ಇಳಿಸಿ ಅವನನ್ನು ಮಲಗಿಸಿದಳು. ನಡುಹಗಲಿನಲ್ಲಿ ಅವನ ಗೊರಕೆ ಕೇಳಿ ಅವಳು ಅಡುಗೆ ಕೋಣೆಗೆ ಹೋಗಿ ನಿಂತಳು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಕೆಲಸ ಇನ್ನೂ ಮುಗಿದಿರಲಿಲ್ಲ. ನಿದ್ದೆಯಿಂದೆದ್ದ ಮೇಲೆ ವೈಫೈ ಯಾಕೆ ಸಾಯುತ್ತದೆ ಎಂಬುದು ತಿಳಿಯಬೇಕಿತ್ತು. ಇಲ್ಲದಿದ್ದರೆ ನಾಳೆ ಇನ್ನೊಂದು ಮನೆಯಲ್ಲಿ ಇದೇ ಆಗುತ್ತದೆ. ಆಸ್ಪತ್ರೆಗೆ ಮರಳಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮಲಗಿಸಿದೆ, ಎಬ್ಬಿಸಿದೆ. ಇಪ್ಪತ್ತು ಸಲ ಮಾಡಿದೆ. ಇಪ್ಪತ್ತು ಸಲವೂ ವೈಫೈ ಬಂತು. ಒಂದು ಗಂಟೆ ಮಲಗಿಸಿಟ್ಟು ನೋಡಿದೆ. ಆಗಲೂ ಬಂತು.

ಮರುದಿನ ಮತ್ತೆ ಗಂಗಮ್ಮ ಸಿಸ್ಟರ್ ಜೊತೆ ಹೋದೆ. ಹುಲುಗಪ್ಪ ಒರಗಿ ಮಲಗಿದ್ದ. ಸ್ಲೇಟಿನಲ್ಲಿ ಬರೆದ: ‘ಗಾಡಿ ರಿಪೇರಿ ಆತೇನು?’

“ಇಲ್ಲಪ್ಪ. ನನ್ನ ಟೇಬಲ್ ಮ್ಯಾಲೆ ಇದ್ರ ಏನೂ ಆಗಂಗಿಲ್ಲ. ಇಲ್ಲಿಗೆ ಬಂದ್ರ ಮಾತ್ರ ಕೆಡ್ತದ.”

ಅವನ ಕಣ್ಣಲ್ಲಿ ನಗು ಬಂತು. ಸ್ಲೇಟು ಒರೆಸಿ ನಿಧಾನವಾಗಿ ಬರೆದ: ‘ಶೆಡ್ಡಿನ್ಯಾಗ ಎಲ್ಲಾ ಗಾಡಿ ಚೊಲೋನ. ಗುಡ್ಡದ ಮ್ಯಾಲೆ ಹೆಂಗ ಓಡ್ಸತೀರಿ ಹಂಗ ನೋಡ್ರಿ.’

“ನೋಡ್ರಿ ಸರ, ಮಾತು ಬರದವ್ರು ಹೇಳಿಕೊಡಾಕತ್ತಾರ,” ಎಂದರು ಗಂಗಮ್ಮ ಸಿಸ್ಟರ್.

ವ್ಯಾನಿನಲ್ಲಿ ಮರಳುವಾಗ ಅದನ್ನೇ ಯೋಚಿಸಿದೆ. ನನ್ನ ಮೇಜಿಗೂ ಅವನ ಮನೆಗೂ ಇರುವ ವ್ಯತ್ಯಾಸ ಏನು? ಮೇಜಿನ ಮೇಲೆ ಲ್ಯಾಪ್‌ಟಾಪು ಯಾವಾಗಲೂ ಚಾರ್ಜರಿನಲ್ಲಿ ಇರುತ್ತದೆ. ಅದು ನಾನೇ ಹಾಕಿದ ನಿಯಮ. ಗಂಗಮ್ಮ ಸಿಸ್ಟರಿನ ಚೀಲದಲ್ಲಿ ಅದು ಬರೀ ಬ್ಯಾಟರಿಯ ಮೇಲಿರುತ್ತದೆ. ಚಾರ್ಜರ್ ಕಿತ್ತು, ಮುಚ್ಚಳ ಇಳಿಸಿ, ಗಡಿಯಾರ ನೋಡುತ್ತ ಕೂತೆ. ಹದಿನೈದು ನಿಮಿಷಕ್ಕೆ ಎಬ್ಬಿಸಿದರೆ ವೈಫೈ ಬಂತು. ಇಪ್ಪತ್ತೈದು ನಿಮಿಷಕ್ಕೆ ಎಬ್ಬಿಸಿದರೆ ಅಡ್ಡಗೀಟು.

ಕಾರಣ ಲ್ಯಾಪ್‌ಟಾಪು ಬರೆದಿಡುವ ಲಾಗ್‌ನಲ್ಲಿ ಸಿಕ್ಕಿತು. ಲಾಗ್ ಅಂದರೆ ಯಂತ್ರ ತನ್ನ ಕೆಲಸವನ್ನು ತಾನೇ ಬರೆದುಕೊಳ್ಳುವ ದಿನಚರಿ. ಬ್ಯಾಟರಿಯ ಮೇಲಿರುವಾಗ ಇಪ್ಪತ್ತು ನಿಮಿಷ ದಾಟಿದರೆ ಈ ಮಾದರಿಯ ಲ್ಯಾಪ್‌ಟಾಪು ಗಾಢನಿದ್ದೆಗೆ ಹೋಗಿ ವೈಫೈ ಕಾರ್ಡಿನ ಕರೆಂಟನ್ನೇ ಕಡಿಯುತ್ತಿತ್ತು. ಎದ್ದ ಮೇಲೆ ಕಾರ್ಡನ್ನು ಮತ್ತೆ ಮೊದಲಿನಿಂದ ಸಿದ್ಧ ಮಾಡಬೇಕು. ಆ ಕೆಲಸದ ತಂತ್ರಾಂಶ, ಅಂದರೆ ಡ್ರೈವರ್, ಕಾರ್ಡು ಎಚ್ಚರವಾಗಿಯೇ ಇದೆ ಎಂದು ತಿಳಿದು ಸುಮ್ಮನಿರುತ್ತಿತ್ತು. ಊರೊಳಗಿನ ಮನೆಗಳು ಐದಾರು ನಿಮಿಷದ ದೂರ, ಕಡ್ಡಿರಾಂಪುರ ಹದಿನೈದು ನಿಮಿಷ. ಇಪ್ಪತ್ತು ನಿಮಿಷ ಮೀರುತ್ತಿದ್ದ ದಾರಿ ಒಂದೇ. ಕೆಡುತ್ತಿದ್ದದ್ದು ಹೊತ್ತಿನಿಂದ, ನಾನು ಊರನ್ನು ದೂರಿದ್ದೆ. ನಿದ್ದೆಗೆ ಮೊದಲು ಡ್ರೈವರನ್ನು ಇಳಿಸಿ ಎದ್ದ ಮೇಲೆ ಹೊಸದಾಗಿ ಏರಿಸುವ ನಾಲ್ಕು ಸಾಲಿನ ಆದೇಶ ಬರೆದು ಲ್ಯಾಪ್‌ಟಾಪಿಗೆ ಹಾಕಿದೆ. ಮತ್ತೆಂದೂ ಅದು ತೊಂದರೆ ಕೊಡಲಿಲ್ಲ. ಬರೆಯಲು ಹತ್ತು ನಿಮಿಷ ಸಾಕಾಯಿತು.

ಅದಾದ ಮೂರನೆಯ ದಿನ ಬೆಳಿಗ್ಗೆ ಹುಲುಗಪ್ಪ ತೀರಿಕೊಂಡ. ನೋವಿಲ್ಲದೆ ಹೋದರು ಎಂದು ಗಂಗಮ್ಮ ಸಿಸ್ಟರ್ ಹೇಳಿದರು. ಗಾಡಿ ಸರಿಹೋದ ಸುದ್ದಿಯನ್ನು ಅವನಿಗೆ ತಲುಪಿಸಿದ್ದರಂತೆ. ಅವನು ಸ್ಲೇಟು ಬೇಡ ಎಂದು ಕೈಯಾಡಿಸಿ, ಹೆಬ್ಬೆರಳು ಎತ್ತಿ ತೋರಿಸಿದನಂತೆ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಆ ಮನೆಗೆ ಹೋದೆ. ಹನುಮಕ್ಕ ಅಂಗಳದಲ್ಲಿ ಹೊದೆಯುವ ಕೌದಿಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಕುರ್ಚಿ ತಂದಿಟ್ಟಳು.

“ಕುಂದ್ರಿ ಸರ. ನೀವು ಬಂದ ದಿನ ನಮ್ಮನಿಯವ್ರು ಕಣ್ಣು ಮುಚ್ಚಿ ನಿದ್ದಿ ಮಾಡಿದ್ರು. ದೇವರು ನಿಮ್ಮನ್ನ ಚೊಲೋ ಇಡ್ಲಿ.”

ಆ ಹಾರೈಕೆ ಇಟ್ಟುಕೊಂಡು ಎದ್ದು ಬರಲು ನನ್ನಿಂದ ಆಗಲಿಲ್ಲ.

“ಅದು ಮೊದಲನೇ ದಿನಾನ ಆಗಬೇಕಿತ್ತು, ಹನುಮಕ್ಕ,” ಎಂದೆ. “ಸಿಸ್ಟರ್ ಸರಿಯಾಗೇ ಹೇಳಿದ್ರು. ನಾ ತಪ್ಪು ತಿಳ್ಕೊಂಡೆ. ಬರ್ತೀನಂದ ಡಾಕ್ಟರನ್ನೂ ತಡದೆ. ಹನ್ನೊಂದು ದಿನ ನನ್ನಿಂದ ಹೋದ್ವು.”

ಅವಳು ಕೈಯಲ್ಲಿದ್ದ ಕೌದಿಯನ್ನು ತಂತಿಯ ಮೇಲೆ ಹರಡಿದಳು. ಅಂಚು ಸಮ ಮಾಡಿದಳು. ನನ್ನ ಕಡೆ ತಿರುಗದೆಯೇ ಹೇಳಿದಳು: “ನೀವು ದಿನ ಎಣಿಸೀರಿ ಸರ. ನಾ ರಾತ್ರಿ ಎಣಿಸೀನಿ.”

ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದಳು. ನಾನು ಕುಡಿದೆ.

ನಿವೃತ್ತನಾಗುವ ಮೊದಲು ಆ ಫಾರಂ ತೆಗೆದುಹಾಕಿದೆ. ಹೊಸದರಲ್ಲಿ ಚೌಕಗಳಿಲ್ಲ. ‘ನಿಮ್ಮ ಕೈ ಏನೇನು ಮಾಡಿತು, ನಿಮ್ಮ ಮಾತಿನಲ್ಲೇ ಹೇಳಿ’ ಎಂದು ಒಂದು ಸಾಲು, ಕೆಳಗೆ ಖಾಲಿ ಜಾಗ. ಬರೆದುಕೊಳ್ಳುವವನು ಅದನ್ನು ತನ್ನ ಭಾಷೆಗೆ ತಿರುಗಿಸಬಾರದು, ಹೇಳಿದ ಹಾಗೆಯೇ ಬರೆಯಬೇಕು. ಒಂದೇ ಮನೆಯಿಂದ ಎರಡು ಸಲ ಒಂದೇ ದೂರು ಬಂದರೆ ಮೂರನೆಯ ಸಲಕ್ಕೆ ಕಾಯದೆ ಅಲ್ಲಿಗೆ ಹೋಗಬೇಕು. ನನ್ನ ನಂತರ ಬಂದವರು ಇದನ್ನು ಪಾಲಿಸುತ್ತಿದ್ದಾರೆ ಎಂದು ಕೇಳಿದ್ದೇನೆ.

ನಲವತ್ತು ವರ್ಷದ ಕೆಲಸ ಕಲಿಸಿದ್ದು ಇಷ್ಟೇ, ಅದನ್ನೂ ತಡವಾಗಿ ಕಲಿತೆ: ದೂರು ಹೇಳುವವರ ಮಾತಿನಲ್ಲಿಯೇ ಉತ್ತರ ಇರುತ್ತದೆ, ಎದುರಿಗೆ ಹೋಗಿ ನಿಂತರೆ ಕೇಳಿಸುತ್ತದೆ. ಹೊಸಪೇಟೆಯಿಂದ ಪಾಪಿನಾಯಕನಹಳ್ಳಿಗೆ ಅರ್ಧ ಗಂಟೆಯ ದಾರಿ. ಬಸ್ಸುಗಳು ಬೇಕಾದಷ್ಟಿವೆ. ಆ ಹನ್ನೊಂದು ದಿನಗಳಲ್ಲಿ ನಾನು ಒಂದನ್ನೂ ಹತ್ತಲಿಲ್ಲ.